ಸೀಮೆಎಣ್ಣೆ ಡಬ್ಬದ ಬಂದೂಕು

ಕ್ಯಾನ್‌ಬೆರಾ, ಆಸ್ಟ್ರೇಲಿಯ
ಡಿಸೆಂಬರ್ 20

ತೀರ್ಥರೂಪು ತಂದೆಯವರ ಪಾದಗಳಿಗೆ ನಿಮ್ಮ ಮಗ ಮಾಡುವ ಸಾಷ್ಟಾಂಗ ನಮಸ್ಕಾರಗಳು. ನಾವಿಲ್ಲಿ ಕ್ಷೇಮ; ನಿಮ್ಮೆಲ್ಲರ ಕ್ಷೇಮಕ್ಕೆ ಆಗಾಗ ಬರೆಯುತ್ತಿರಬೇಕಾಗಿ ಬೇಡುತ್ತೇನೆ.

ಇಲ್ಲಿನ ಯುದ್ಧ ಸ್ಮಾರಕವನ್ನು ನೋಡಿ ಬಂದೆನೆಂದು ಫೋನಿನಲ್ಲಿ ಹೇಳಿದಾಗ, “ಅಲ್ಲೇನಿರುತ್ತದೆ, ಫಿರಂಗಿ ತಾನೆ?” ಎಂದು ಕೇಳಿದಿರಿ. ಫಿರಂಗಿಗಳಿದ್ದವು, ಆದರೆ ನಾನು ಬಹಳ ಹೊತ್ತು ನಿಂತದ್ದು ಒಂದು ಮರದ ಬೊಡ್ಡೆಯ ಮುಂದೆ. ಅದು ಸುಳ್ಳು ಮರ. ಮೊದಲ ಮಹಾಯುದ್ಧದಲ್ಲಿ, 1917ರಲ್ಲಿ, ಬೆಲ್ಜಿಯಮ್ಮಿನ ಮೆಸೀನ್ ಊರಿನ ಹತ್ತಿರದ ಕಾಡಿನಲ್ಲಿ ಜರ್ಮನರು ಬಳಸಿದ್ದು. ಹೊರಗೆ ತೊಗಟೆಯಂತೆ ಒರಟಾದ ಲೋಹ, ಒಳಗೆ ಒಬ್ಬ ಸೈನಿಕ ಕುಳಿತು ಇಣುಕುವಷ್ಟು ಟೊಳ್ಳು. ಬ್ರಿಟಿಷರ ಕಡೆಯಲ್ಲೂ ಸಾಲೊಮನ್ ಜೆ. ಸಾಲೊಮನ್ ಎಂಬ ಚಿತ್ರಕಾರರು 1916ರಲ್ಲಿ ಇಂಥದೇ ಮರ ಮಾಡಿಸಿದ್ದರು. ಗುಂಡೇಟಿಗೆ ಮುರಿದು ನಿಂತ ನಿಜವಾದ ಮರವೊಂದನ್ನು ಆರಿಸಿ, ಅದರ ಪ್ರತಿಯೊಂದು ಗಂಟನ್ನೂ ಚಿತ್ರಿಸಿಕೊಂಡು, ಯುದ್ಧರೇಖೆಯ ಹಿಂದಿದ್ದ ಕಾರ್ಯಾಗಾರದಲ್ಲಿ ಅದರ ಪ್ರತಿರೂಪ ತಯಾರಿಸುತ್ತಿದ್ದರು. ಆಮೇಲೆ ಒಂದು ರಾತ್ರಿ, ಫಿರಂಗಿಗಳ ಸದ್ದಿನಲ್ಲಿ ಗರಗಸದ ಸದ್ದು ಅಡಗುವಂತೆ ನೋಡಿಕೊಂಡು, ನಿಜವಾದುದನ್ನು ಕಡಿದು ಸುಳ್ಳನ್ನು ಅದೇ ಜಾಗದಲ್ಲಿ ನಿಲ್ಲಿಸುತ್ತಿದ್ದರು. ಬೆಳಗಾದರೆ ಶತ್ರುವಿಗೆ ಕಾಣುವುದು ನಿನ್ನೆಯ ಮರವೇ.

ನನಗೆ ಆಗ ನಮ್ಮ ಜೋಳದ ಹೊಲದ ಬೆದರುಬೊಂಬೆ ನೆನಪಾಯಿತು. ನಿಂತಲ್ಲೇ ನಿಂತರೆ ಗಿಳಿಗಳು ಅದರ ತಲೆಯ ಮೇಲೇ ಕೂರುತ್ತವೆಂದು ನೀವು ನಾಲ್ಕು ದಿನಕ್ಕೊಮ್ಮೆ ಅದರ ಜಾಗ ಬದಲಿಸಿ, ಅಂಗಿಯನ್ನೂ ಬದಲಿಸುತ್ತಿದ್ದಿರಿ. ಕಂದಕದ ಯುದ್ಧದಲ್ಲಿ ಲೆಕ್ಕ ತಿರುಗುಮುರುಗು. ತಿಂಗಳುಗಟ್ಟಲೆ ಒಂದೇ ದೃಶ್ಯವನ್ನು ದಿಟ್ಟಿಸುತ್ತ ಕುಳಿತ ಕಣ್ಣಿಗೆ ಏನೂ ಬದಲಾಗಿಲ್ಲವೆಂದು ತೋರಿಸುವುದೇ ಅಲ್ಲಿ ದೊಡ್ಡ ಮೋಸ.

ಅವರಲ್ಲೂ ಬೊಂಬೆಗಳಿದ್ದವು. ಎಲ್ಲೋ ಅಡಗಿ ಗುಂಡು ಹೊಡೆಯುವ ಸ್ನೈಪರ್‌ನ ಜಾಗ ಕಂಡುಹಿಡಿಯಲು ಹೆಸ್ಕೆತ್ ಪ್ರಿಚರ್ಡ್ ಎಂಬ ಬ್ರಿಟಿಷ್ ಅಧಿಕಾರಿ ಕಾಗದದ ರಟ್ಟಿನ ತಲೆಗಳನ್ನು ಬಳಸಿದರು. ಕೋಲಿಗೆ ಸಿಕ್ಕಿಸಿದ ತಲೆಯನ್ನು ಕಂದಕದ ಅಂಚಿನ ಮೇಲೆ ಮೆಲ್ಲನೆ ಎತ್ತುವುದು; ಬಾಯಲ್ಲಿ ಸಿಗರೇಟು, ಅದರ ಹೊಗೆಯನ್ನು ರಬ್ಬರ್ ಕೊಳವೆಯ ಮೂಲಕ ಎಳೆಯುವವನು ಕೆಳಗೆ ಕುಳಿತ ಜೀವಂತ ಮನುಷ್ಯ. ಗುಂಡು ತಗುಲಿದ ಕೂಡಲೇ ತಲೆಯನ್ನು ಪೆರಿಸ್ಕೋಪಿನ (ಕಂದಕದೊಳಗೆ ಕುಳಿತೇ ಮೇಲಿನದನ್ನು ನೋಡುವ ಕನ್ನಡಿಯ ಕೊಳವೆ) ಎತ್ತರದ ಲೆಕ್ಕಕ್ಕೆ ಸರಿಯಾಗಿ ಇಳಿಸಿ, ಗುಂಡು ಒಳಹೊಕ್ಕ ತೂತು ಮತ್ತು ಹೊರಬಿದ್ದ ತೂತು ಎರಡನ್ನೂ ಒಂದೇ ಗೆರೆಯಲ್ಲಿ ಸೇರಿಸಿ ನೋಡಿದರೆ, ಆ ಗೆರೆ ನೇರವಾಗಿ ಹೊಡೆದವನ ಬಳಿಗೆ ಹೋಗುತ್ತಿತ್ತು.

ಈ ಪತ್ರವನ್ನು ಇವತ್ತೇ ಬರೆಯಲು ಕಾರಣ ಗಲಿಪೊಲಿ. 1915ರ ಏಪ್ರಿಲ್ 25ರಂದು ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ ಪಡೆಗಳು ಆ ತುರ್ಕಿ ತೀರದಲ್ಲಿ ಇಳಿದು, ಎಂಟು ತಿಂಗಳು ಗುಡ್ಡದ ಇಳಿಜಾರಿಗೆ ಅಂಟಿಕೊಂಡಿದ್ದು, ಕೊನೆಗೆ ಡಿಸೆಂಬರ್ 20ರ ನಸುಕಿನಲ್ಲಿ ತಮ್ಮ ನೆಲೆಯನ್ನು ಬಿಟ್ಟುಹೋದವು. ಹಿಂದೆ ಸರಿದರೆ ಅರ್ಧದಷ್ಟು ಸೈನ್ಯ ಸಾಯಬಹುದೆಂದು ಸೇನಾಪತಿ ಹ್ಯಾಮಿಲ್ಟನ್ ಅಂದಾಜು ಮಾಡಿದ್ದರು. ಅವರನ್ನು ಅಕ್ಟೋಬರಿನಲ್ಲೇ ಬದಲಾಯಿಸಲಾಯಿತು. ತೆರವಿನ ಯೋಜನೆ ಹಾಕಿದ ಬ್ರೂಡನೆಲ್ ವೈಟ್ ಎಂಬ ಅಧಿಕಾರಿ ಮೊದಲು ಮಾಡಿಸಿದ ಕೆಲಸವೆಂದರೆ ಸುಮ್ಮನಿರುವುದು. ನವೆಂಬರ್ ಕೊನೆಯಲ್ಲಿ ಮೂರು ದಿನ ಯಾರೂ ಗುಂಡು ಹಾರಿಸಕೂಡದೆಂದು ಆಜ್ಞೆಯಾಯಿತು. ಏನಾಯಿತೆಂದು ನೋಡಲು ಬಂದ ತುರ್ಕರನ್ನು ಹೊಡೆದು ಹಾಕಿದರು. ಅಲ್ಲಿಂದ ಮುಂದೆ ಆ ಕಂದಕಗಳು ಮೌನವಾದರೂ ಬರಿದಾಗಿವೆಯೆಂದು ನಂಬುವ ಧೈರ್ಯ ಎದುರಿನವರಿಗೆ ಬರಲಿಲ್ಲ.

ಡಿಸೆಂಬರಿನಲ್ಲಿ ರಾತ್ರಿ ಹೊತ್ತು ಜನ ಕಡಿಮೆಯಾಗುತ್ತ ಹೋದರು, ಹಗಲಿನ ನೋಟ ಮಾತ್ರ ಮೊದಲಿನಂತೆಯೇ ಇತ್ತು. ಗುಡಾರಗಳನ್ನು ಕೀಳಲಿಲ್ಲ, ಒಲೆಗಳನ್ನು ಆರಿಸಲಿಲ್ಲ. 17ರಂದು ಬಯಲಿನಲ್ಲಿ ಕ್ರಿಕೆಟ್ಟನ್ನೂ ಆಡಿದರು, ಮೇಲೆ ಶೆಲ್‌ಗಳು ಹಾರುತ್ತಿದ್ದಂತೆಯೇ. ಕೊನೆಗೆ ಉಳಿದ ಸುಮಾರು 20,000 ಮಂದಿ ಎರಡು ರಾತ್ರಿಗಳಲ್ಲಿ, ಬೂಟುಗಳಿಗೆ ಗೋಣಿತಟ್ಟು ಸುತ್ತಿಕೊಂಡು, ಕತ್ತಲಲ್ಲಿ ದಾರಿ ತಿಳಿಯಲೆಂದು ಚೆಲ್ಲಿದ ಹಿಟ್ಟಿನ ಗೆರೆ ಹಿಡಿದು ದೋಣಿಗಳಿಗೆ ಇಳಿದರು.

ಹೋದವರ ಪರವಾಗಿ ಗುಂಡು ಹಾರಿಸಲು ಯಾರಾದರೂ ಬೇಕಲ್ಲ! ಅದಕ್ಕೆ ಉಪಾಯ ಹುಡುಕಿದವನು ಇಪ್ಪತ್ತರ ಹರೆಯದ ಲ್ಯಾನ್ಸ್ ಕಾರ್ಪೊರಲ್ ವಿಲಿಯಂ ಸ್ಕರಿ. ಎರಡು ಸೀಮೆಎಣ್ಣೆ ಡಬ್ಬ. ಮೇಲಿನದರಲ್ಲಿ ನೀರು, ಕೆಳಗಿನದು ಖಾಲಿ, ಅದರಿಂದ ಬಂದೂಕಿನ ಕುದುರೆಗೆ ಒಂದು ದಾರ. ಹೊರಡುವ ಮುನ್ನ ಮೇಲಿನ ಡಬ್ಬಕ್ಕೆ ತೂತು ಹಾಕಿದರೆ ನೀರು ತೊಟ್ಟಿಕ್ಕಿ, ಕೆಳಗಿನ ಡಬ್ಬ ಭಾರವಾಗಿ ಕುದುರೆಯನ್ನು ಎಳೆಯುತ್ತಿತ್ತು. ನಮ್ಮ ಈಶ್ವರನ ಗುಡಿಯ ಧಾರಾಪಾತ್ರೆಯನ್ನೂ, ಅಜ್ಜ ಹೇಳುತ್ತಿದ್ದ ಮದುವೆಮನೆಯ ಗಳಿಗೆ ಬಟ್ಟಲನ್ನೂ ನೋಡಿದವರಿಗೆ ಇದು ಹೊಸದಲ್ಲ, ಆದರೆ ಅದನ್ನು ಬಂದೂಕಿಗೆ ಕಟ್ಟಬಹುದೆಂದು ಯಾರಿಗೆ ತೋಚೀತು? ದೋಣಿಗಳು ದೂರ ಸರಿಯುತ್ತಿದ್ದಾಗಲೂ ಬರಿದಾದ ಕಂದಕಗಳಿಂದ ಅಲ್ಲೊಂದು ಇಲ್ಲೊಂದು ಗುಂಡು ಹಾರುತ್ತಲೇ ಇತ್ತು.

ಈ ತೆರವಿನಲ್ಲಿ ರಕ್ತವೇ ಹರಿಯಲಿಲ್ಲವೆಂದು ಇಲ್ಲಿನವರು ಹೆಮ್ಮೆಯಿಂದ ಹೇಳುವುದುಂಟು. ಹೊರಡುವಾಗ ದಿ ನೆಕ್ ಎಂಬ ದಿಣ್ಣೆಯ ಕೆಳಗೆ ಸಿಡಿಸಿದ ಸ್ಫೋಟಕಗಳಿಗೆ ಸುಮಾರು 70 ತುರ್ಕರು ಸತ್ತರು. ಅವರನ್ನು ಆ ಲೆಕ್ಕಕ್ಕೆ ಸೇರಿಸದಿರುವುದು ನನಗೆ ಸರಿಯೆನಿಸಲಿಲ್ಲ.

ಇನ್ನೊಂದು ಸಂಗತಿ ನಿಮಗಾಗಿ. 1918ರ ಬೇಸಿಗೆಯಲ್ಲಿ ನಮ್ಮ ಮೈಸೂರು ಸಂಸ್ಥಾನದ ಕುದುರೆ ಸವಾರರ ಪಡೆ ಮೈಸೂರು ಲ್ಯಾನ್ಸರ್ಸ್ ಪ್ಯಾಲೆಸ್ಟೈನಿನ ಜೋರ್ಡನ್ ಕಣಿವೆಯಲ್ಲಿತ್ತು. ಸೆಪ್ಟೆಂಬರಿನಲ್ಲಿ ಬ್ರಿಟಿಷ್ ಸೇನಾಪತಿ ಅಲೆನ್‌ಬಿ ಅಶ್ವದಳಗಳನ್ನು ಗುಟ್ಟಾಗಿ ಕಡಲತೀರಕ್ಕೆ ಸಾಗಿಸಿ, ಕಣಿವೆಯ ಬರಿದಾದ ಶಿಬಿರಗಳಲ್ಲಿ ಬಟ್ಟೆ, ಹುಲ್ಲಿನಿಂದ ಮಾಡಿದ ಸುಮಾರು 15,000 ಕುದುರೆಗಳನ್ನು ನಿಲ್ಲಿಸಿದರು. ಕುದುರೆಗಳಿದ್ದರೆ ದೂಳು ಏಳಲೇಬೇಕಲ್ಲವೇ? ಅದಕ್ಕಾಗಿ ಹೇಸರಗತ್ತೆಗಳಿಂದ ಹಲಗೆ ಎಳೆಸಿದರು. ಆ ಹುಲ್ಲಿನ ಕುದುರೆಗಳನ್ನು ತುರ್ಕರು ಕಾಯುತ್ತಿದ್ದಾಗ ನಿಜವಾದವು ಉತ್ತರಕ್ಕೆ ನುಗ್ಗಿದವು. ಅದೇ ತಿಂಗಳ 23ರಂದು ಜೋಧಪುರದವರೊಡನೆ ಹೈಫಾ ನಗರವನ್ನು ಗೆದ್ದವರಲ್ಲಿ ಮೈಸೂರಿನವರೂ ಇದ್ದರು.

ಅಮ್ಮನಿಗೆ ನನ್ನ ನಮಸ್ಕಾರ. ಈ ಸಲ ಬೊಂಬೆಗೆ ನಾನು ಅಟ್ಟದ ಮೇಲೆ ಬಿಟ್ಟು ಬಂದ ನೀಲಿ ಅಂಗಿಯನ್ನು ತೊಡಿಸಿ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗ