ವಯಸ್ಸು ಕೇಳಲಿ, ಕಾರ್ಡ್ ಯಾಕೆ?

ಮಾನ್ಯ ಸಂಪಾದಕರೇ,

ಅಶ್ಲೀಲ ವೆಬ್‌ಸೈಟ್ ನೋಡಲು ವಯಸ್ಸಿನ ದಾಖಲೆ ತೋರಿಸಬೇಕೆಂದು ಅಮೆರಿಕದ ಹಲವು ರಾಜ್ಯಗಳು ಕಾನೂನು ಮಾಡಿವೆ. ನಮ್ಮಲ್ಲೂ ಅಂಥದ್ದು ಬರಲಿ ಎಂದು ಊರಿನ ನೆಂಟರು ವಾಟ್ಸಾಪ್‌ನಲ್ಲಿ ಆಗಾಗ ಬರೆಯುತ್ತಾರೆ. ನಾನಿರುವುದು ಟೆಕ್ಸಸ್‌ನ ಪ್ಲೇನೋದಲ್ಲಿ. ಮಗನಿಗೆ ಹದಿನಾಲ್ಕು ವರ್ಷ. ಅದಕ್ಕೇ ಈ ಪತ್ರ.

ಇಲ್ಲಿನ ಕಾನೂನು 2023ರದು. ಸೈಟಿನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಮಕ್ಕಳು ನೋಡಬಾರದ್ದಿದ್ದರೆ, ಒಳಗೆ ಬಿಡುವ ಮುಂಚೆ 18 ತುಂಬಿದೆಯಾ ಎಂದು ಖಚಿತ ಮಾಡಿಕೊಳ್ಳಬೇಕು. ಕಂಪನಿಗಳು ಕೋರ್ಟಿಗೆ ಹೋದವು. 2025ರ ಜೂನ್ 27ರಂದು ಸುಪ್ರೀಂ ಕೋರ್ಟ್ 6–3 ಬಹುಮತದಿಂದ ಕಾನೂನನ್ನು ಎತ್ತಿಹಿಡಿಯಿತು. ಪೋರ್ನ್‌ಹಬ್ ಅದಕ್ಕೂ ಮೊದಲೇ, 2024ರ ಮಾರ್ಚ್‌ನಲ್ಲಿ, ಟೆಕ್ಸಸ್‌ನವರಿಗೆ ಬಾಗಿಲು ಹಾಕಿತ್ತು.

ಸಂತೋಷ. ಆದರೆ ಆ ಮೂರನೇ ಒಂದು ಭಾಗದ ಲೆಕ್ಕದಲ್ಲೇ ತೂತಿದೆ. ಮಕ್ಕಳು ಹೊತ್ತು ಕಳೆಯುವ ಸೋಷಿಯಲ್ ಮೀಡಿಯಾದಲ್ಲಿ ಇಂಥದ್ದು ಎಷ್ಟೇ ಸಿಕ್ಕರೂ ಒಟ್ಟಾರೆಯಲ್ಲಿ ಅದು ಸಣ್ಣ ಪಾಲು. ಸರ್ಚ್ ಎಂಜಿನ್‌ಗಳಿಗಂತೂ ಕಾನೂನೇ ವಿನಾಯಿತಿ ಕೊಟ್ಟಿದೆ. ಇನ್ನು ವಿಪಿಎನ್, ಅಂದರೆ ನಾವು ಬೇರೆ ಊರಿನಲ್ಲಿದ್ದೇವೆಂದು ಸೈಟಿಗೆ ತೋರಿಸುವ ಸಾಫ್ಟ್‌ವೇರ್. ಅದನ್ನು ಹಾಕಿಕೊಳ್ಳುವುದು ಹೇಗೆಂದು ನನಗೆ ಹೇಳಿಕೊಟ್ಟವನೇ ನನ್ನ ಮಗ, ಇಂಡಿಯಾದಲ್ಲಿ ಮಾತ್ರ ಸಿಗುವ ಕನ್ನಡ ಸಿನಿಮಾ ನೋಡಲೆಂದು!

ನನ್ನ ದೊಡ್ಡ ಚಿಂತೆ ಗುರುತಿನ ಚೀಟಿಯದು. ಪರಿಶೀಲನೆ ಮುಗಿದ ಮೇಲೆ ಮಾಹಿತಿ ಇಟ್ಟುಕೊಳ್ಳುವಂತಿಲ್ಲ, ಇಟ್ಟುಕೊಂಡರೆ 10,000 ಡಾಲರ್‌ವರೆಗೆ ದಂಡ ಎಂದು ಟೆಕ್ಸಸ್ ಕಾನೂನು ಹೇಳುತ್ತದೆ. ಇಟ್ಟುಕೊಂಡಿದ್ದಾರೆಂದು ನಮಗೆ ಗೊತ್ತಾಗುವುದು ಮಾತ್ರ ಕಳುವಾದ ಮೇಲೆ. 2025ರ ಅಕ್ಟೋಬರ್‌ನಲ್ಲಿ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಫೋಟೊ ಸೋರಿರಬಹುದೆಂದು ಡಿಸ್ಕಾರ್ಡ್ ಎಂಬ ಚಾಟ್ ಆ್ಯಪ್‌ನ ಕಂಪನಿ ಒಪ್ಪಿಕೊಂಡಿತು. ವಯಸ್ಸಿನ ತಕರಾರು ಬಗೆಹರಿಸಲು ಜನ ಕಳಿಸಿದ್ದ ಫೋಟೊಗಳು ಅವು. ಸೋರಿದ್ದು ಹೊರಗುತ್ತಿಗೆ ಕಂಪನಿಯ ಕಡೆಯಿಂದ.

ಪಕ್ಕದ ಲೂಸಿಯಾನಾದವರು ಈ ವಿಷಯದಲ್ಲಿ ಜಾಣರು. ಇಂಥ ಕಾನೂನನ್ನು ಮೊದಲು ತಂದವರೂ ಅವರೇ. 2023ರ ಜನವರಿ 1ರಿಂದ ಜಾರಿಯಲ್ಲಿದೆ. ಅಲ್ಲಿ ಡ್ರೈವಿಂಗ್ ಲೈಸೆನ್ಸ್ ಇಟ್ಟುಕೊಳ್ಳಲು ಎಲ್‌ಎ ವ್ಯಾಲೆಟ್ ಎಂಬ ಆ್ಯಪ್ ಇದೆ. ಅದರ ಮೂಲಕ ಹೋದರೆ ಸೈಟಿಗೆ ಗೊತ್ತಾಗುವುದು 18 ತುಂಬಿದೆ ಎಂಬುದಷ್ಟೇ. ಹೆಸರು, ವಿಳಾಸ ಯಾವುದೂ ಹೋಗುವುದಿಲ್ಲ.

ನಮ್ಮ ಕಡೆಯ ಅಭ್ಯಾಸ ನೋಡಿ. ಹೋದ ಸಲ ಬಂದಾಗ ಲಾಡ್ಜಿನ ಕೌಂಟರಿನಲ್ಲಿದ್ದ ಹುಡುಗ ಅಮ್ಮನ ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟು ತನ್ನ ಸ್ವಂತ ಮೊಬೈಲಿನಲ್ಲೇ ಫೋಟೊ ಹೊಡೆದುಕೊಂಡ. ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಕೊಡ್ತೀವಪ್ಪಾ ಎಂದರೆ, "ಅದೆಲ್ಲ ನಡೆಯಲ್ಲ ಮೇಡಂ, ಫುಲ್ ನಂಬರ್ ಬೇಕು" ಅಂದ. ಇಂಥ ಕಡೆ ಅಶ್ಲೀಲ ಸೈಟಿಗೂ ಆಧಾರ್ ಕೊಡಿ ಅಂದರೆ, ಬ್ಲ್ಯಾಕ್‌ಮೇಲ್ ಮಾಡುವವರ ಕೈಗೆ ನಾವೇ ಪಟ್ಟಿ ಕೊಟ್ಟ ಹಾಗಲ್ವಾ?

ಕಾನೂನು ಬೇಡ ಎನ್ನುತ್ತಿಲ್ಲ. ತರುವುದಾದರೆ, ಕಾರ್ಡಿನ ಫೋಟೊ ಕೇಳುವಂತೆಯೇ ಇಲ್ಲ ಎಂದು ಮೊದಲೇ ಬರೆಯಲಿ. 18 ತುಂಬಿದೆಯಾ ಇಲ್ಲವಾ, ಅಷ್ಟು ಗೊತ್ತಾದರೆ ಸೈಟಿನವರಿಗೆ ಸಾಕು.

— ಒಬ್ಬ ತಾಯಿ, ಪ್ಲೇನೋ, ಟೆಕ್ಸಸ್