ಆಶ್ರಯ ಕೋರಿ ಬಂದವರಿಗೆ ಎರಡನೇ ತಪಾಸಣೆಯೂ ಬೇಕು

ಮಾನ್ಯ ಸಂಪಾದಕರೇ,

ಯುದ್ಧ, ಹಿಂಸೆಗೆ ಹೆದರಿ ಬೇರೆ ದೇಶಕ್ಕೆ ಓಡಿಬಂದವರ ಸುದ್ದಿ ಬಂದಾಗಲೆಲ್ಲ ‘ರೋಗ ಹೊತ್ತು ತರುತ್ತಾರೆ’ ಎಂಬ ಮಾತೂ ಬೆನ್ನಿಗೇ ಬರುತ್ತದೆ. ಇದು ನಮಗೆ ತೀರಾ ದೂರದ ವಿಷಯವೇನಲ್ಲ. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳು ನಮ್ಮದೇ ಭಾಗದ ರಾಯಚೂರು ಜಿಲ್ಲೆಯ ಸಿಂಧನೂರಿನ ಕ್ಯಾಂಪುಗಳಲ್ಲಿ ನೆಲೆಸಿವೆ. ಕಲಬುರಗಿ, ಬೀದರ್‌ನಲ್ಲಿ ನರ್ಸಿಂಗ್ ಕಲಿತು ಜರ್ಮನಿಯಂಥ ದೇಶಗಳಿಗೆ ಹೋಗಬಯಸುವ ನಮ್ಮ ಮಕ್ಕಳು ನಾಳೆ ಇಂಥವರನ್ನೇ ನೋಡಿಕೊಳ್ಳಬೇಕಾದೀತು. ಸಮುದಾಯ ಆರೋಗ್ಯ ಕಲಿಸುವ ನಾವು ಈ ಪತ್ರ ಬರೆಯುತ್ತಿರುವುದು ಅದಕ್ಕಾಗಿಯೇ.

ಜರ್ಮನಿಯಲ್ಲಿ ಆಶ್ರಯಕ್ಕೆ ಅರ್ಜಿ ಹಾಕಿ ಶಿಬಿರ ಸೇರಿದವರಿಗೆ ವೈದ್ಯಕೀಯ ತಪಾಸಣೆ ಕಡ್ಡಾಯ. ಗರ್ಭಿಣಿಯರು, ಮಕ್ಕಳನ್ನು ಬಿಟ್ಟು ಉಳಿದವರಿಗೆ ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಟಿಬಿ ಪತ್ತೆಗೆ ಇದು ಬೇಕೇ ಬೇಕು. ಆದರೆ ಮೈಯೊಳಗೆ ಸುಪ್ತವಾಗಿರುವ ಸೋಂಕು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಸೋಂಕು ತಗುಲಿದ ಮೊದಲ ಎರಡು ವರ್ಷಗಳಲ್ಲೇ ಅದು ರೋಗವಾಗಿ ತಿರುಗುವ ಸಂಭವ ಹೆಚ್ಚು. ಹಾಗಾಗಿ ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಇವನ್ನು ಪ್ರತಿ ಭೇಟಿಯಲ್ಲೂ ಕೇಳುತ್ತಿರಬೇಕು.

ಊರು ಬಿಡುವಾಗ ಇಲ್ಲದ ಎಷ್ಟೋ ತೊಂದರೆ ದಾರಿಯಲ್ಲಿ ಅಂಟುತ್ತವೆ. ಬಂಧನ ಕೇಂದ್ರದ ನೆಲದ ಮೇಲೆ ಒತ್ತೊತ್ತಾಗಿ ಮಲಗಿದವರಿಗೆ ತುರಿಕಜ್ಜಿ ಬಾರದೆ ಇರುತ್ತದೆಯೇ? 5% ಪರ್ಮೆಥ್ರಿನ್ ಮುಲಾಮನ್ನು ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದು, ಉಗುರಿನ ಅಡಿ, ಹೊಕ್ಕುಳು ಬಿಡದೆ ಹಚ್ಚಿ, 8ರಿಂದ 12 ಗಂಟೆ ಬಿಟ್ಟು ತೊಳೆಯಬೇಕು. ನಡುವೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ವಾರದ ನಂತರ ಇನ್ನೊಮ್ಮೆ. ಬಟ್ಟೆ, ಹಾಸಿಗೆಯನ್ನು 60 ಡಿಗ್ರಿ ಬಿಸಿನೀರಲ್ಲಿ ಒಗೆಯಬೇಕು. ಆಗದಿದ್ದರೆ ಚೀಲದಲ್ಲಿ ಬಿಗಿಯಾಗಿ ಕಟ್ಟಿ ಕನಿಷ್ಠ ಮೂರು ದಿನ ಇಡಬೇಕು. ಎಡವುವುದು ಎಲ್ಲಿ ಎಂದರೆ, ತುರಿಕೆ ಇದ್ದವರಿಗಷ್ಟೇ ಮುಲಾಮು ಕೊಟ್ಟು ಅದೇ ಕೋಣೆಯ ಉಳಿದವರನ್ನು ಬಿಟ್ಟುಬಿಡುತ್ತಾರೆ. ಕಜ್ಜಿ ಹುಳು ಸತ್ತ ಮೇಲೂ ತುರಿಕೆ ಕೆಲವು ವಾರ ಉಳಿಯುತ್ತದೆ ಎಂದು ಮೊದಲೇ ಹೇಳದಿದ್ದರೆ, ಗುಣವಾಗಲಿಲ್ಲವೆಂದು ಮತ್ತೆ ಮತ್ತೆ ಹಚ್ಚಿ ಚರ್ಮ ಸುಟ್ಟುಕೊಳ್ಳುತ್ತಾರೆ. ತುರಿಕೆ ನಿಲ್ಲಲೆಂದು ಸ್ಟೀರಾಯ್ಡ್ ಗುಳಿಗೆ ಕೊಡುವುದಂತೂ ಅಪಾಯ. ಬರಿಗಾಲಿನಿಂದ ಒಳಹೊಕ್ಕು ದಶಕಗಟ್ಟಲೆ ಕರುಳಿನಲ್ಲಿ ಅಡಗಿರುವ ಸ್ಟ್ರಾಂಗಿಲಾಯ್ಡಿಸ್ ಹುಳು ಇದ್ದರೆ, ಸ್ಟೀರಾಯ್ಡ್ ಬಿದ್ದೊಡನೆ ಮೈಯೆಲ್ಲ ಹಬ್ಬಿ ಜೀವವನ್ನೇ ತೆಗೆಯಬಹುದು.

ಲಸಿಕೆಯ ದಾಖಲೆ ಇಲ್ಲದವರನ್ನು ಲಸಿಕೆ ಆಗದವರೆಂದೇ ಎಣಿಸಿ ಶುರು ಮಾಡಬೇಕು.

ಇನ್ನು ಮನಸ್ಸಿನ ಮಾತು. ಸಂಘರ್ಷಪೀಡಿತ ಪ್ರದೇಶಗಳಲ್ಲಿ ಐವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆ ಇದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2019ರ ಅಂದಾಜು. ಬಂದ ವಾರದಲ್ಲೇ ಕೇಳಿದರೆ ‘ಆರಾಮ ಇದ್ದೇನೆ’ ಎನ್ನುವವರೇ ಬಹಳ. ಜೀವ ಉಳಿದ ಸಮಾಧಾನ ಒಂದು ಕಡೆ, ಬಾಯಿ ಬಿಟ್ಟರೆ ಅರ್ಜಿ ತಿರಸ್ಕಾರವಾದೀತೆಂಬ ಭಯ ಇನ್ನೊಂದು ಕಡೆ. ಆಮೇಲೆ ಕೆಲಸವಿಲ್ಲ, ಮನೆಯವರ ಸುದ್ದಿಯಿಲ್ಲ, ತೀರ್ಪು ಎಂದು ಬರುತ್ತದೋ ಗೊತ್ತಿಲ್ಲ. ನಿದ್ದೆ ಕೆಡುವುದು ಆಗ. ಆದ್ದರಿಂದ ನಾಲ್ಕರಿಂದ ಆರು ವಾರದೊಳಗೆ ಎರಡನೇ ತಪಾಸಣೆ ಬೇಕೇ ಬೇಕು ಎಂಬುದು ನಮ್ಮ ಒತ್ತಾಯ. ಎಷ್ಟು ಗಂಟೆ ನಿದ್ದೆ, ಕೆಟ್ಟ ಕನಸು ಬೀಳುತ್ತದೆಯೇ, ಮಕ್ಕಳು ಹಾಸಿಗೆ ಒದ್ದೆ ಮಾಡುತ್ತಿದ್ದಾರೆಯೇ, ಸಾಯಬೇಕೆನಿಸುತ್ತದೆಯೇ ಎಂದು ನೇರವಾಗಿ ಕೇಳಬೇಕು. ಕೇಳಿದ್ದರಿಂದಲೇ ಆತ್ಮಹತ್ಯೆಯ ಯೋಚನೆ ಹುಟ್ಟುವುದಿಲ್ಲ. ಆದರೆ ಅನುಭವಿಸಿದ ಹಿಂಸೆಯನ್ನು ಕೆದಕಿ ಕೆದಕಿ ಹೇಳಿಸಬಾರದು. ಆಘಾತದ ಮೊದಲ ತಿಂಗಳಲ್ಲಿ ನಿದ್ದೆ, ಆತಂಕಕ್ಕೆ ಕೊಡುವ ಡಯಾಜೆಪಾಮ್ ಜಾತಿಯ ಗುಳಿಗೆ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ವಾರಕ್ಕೊಮ್ಮೆ 90 ನಿಮಿಷದಂತೆ ಐದು ಭೇಟಿಗಳ ಸಮಾಲೋಚನಾ ಕ್ರಮವನ್ನೂ ಅದು ರೂಪಿಸಿದೆ. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೂ ಇದನ್ನು ನಡೆಸಬಲ್ಲರು.

ಇವೆಲ್ಲವೂ ದುಭಾಷಿಯ ಮೇಲೆ ನಿಂತಿವೆ. ತಾಂಡಾದಿಂದ ಬಂದ ಅಜ್ಜಿಯ ಲಂಬಾಣಿ ಮಾತನ್ನು ಶಾಲೆ ಓದುವ ಮೊಮ್ಮಗ ಡಾಕ್ಟರಿಗೆ ಕನ್ನಡದಲ್ಲಿ ಹೇಳುವುದು ನಮ್ಮ ದವಾಖಾನೆಗಳಲ್ಲೂ ನಡೆಯುತ್ತದೆ. ಅತ್ಯಾಚಾರಕ್ಕೆ ಒಳಗಾದ ತಾಯಿ ಮಗನ ಎದುರು ಏನು ಹೇಳಿಯಾಳು? ಗಂಡ, ಮಕ್ಕಳು, ಅದೇ ಶಿಬಿರದ ಪರಿಚಯಸ್ಥರು ದುಭಾಷಿ ಆಗಬಾರದು. ಹೆಣ್ಣುಮಕ್ಕಳಿಗೆ ಹೆಣ್ಣು ದುಭಾಷಿಯೇ ಇರಲಿ. ದುಭಾಷಿ ರೋಗಿಯ ಪಕ್ಕದಲ್ಲಿ ಕೂರಬೇಕು; ನರ್ಸ್ ರೋಗಿಯ ಮುಖ ನೋಡಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಮಾತಾಡಬೇಕು.

ನಮ್ಮ ನರ್ಸಿಂಗ್ ಕಾಲೇಜುಗಳು ಇದನ್ನು ಪ್ರಾಯೋಗಿಕ ತರಗತಿಯಲ್ಲೇ ಅಭ್ಯಾಸ ಮಾಡಿಸಲಿ. ಲಂಬಾಣಿ, ತೆಲುಗು, ಮರಾಠಿ, ದಖ್ಖನಿ ಬಲ್ಲ ವಿದ್ಯಾರ್ಥಿಗಳು ಪ್ರತಿ ತರಗತಿಯಲ್ಲೂ ಇದ್ದಾರೆ.

– ಸಮುದಾಯ ಆರೋಗ್ಯ ಶುಶ್ರೂಷೆ ಬೋಧಕರು, ಕಲಬುರಗಿ