ಅಡ್ಡಪಟ್ಟಿಯ ಎತ್ತರಕ್ಕಿಂತ ಮೊದಲು ಕ್ಯಾಂಟರ್‌ನ ಲಯ

ಸಂಪಾದಕರಿಗೆ,

ಮಾನ್ಯರೇ,

ಕಳೆದ ಭಾನುವಾರ ಬೆಂಗಳೂರಿನ ಹೊರವಲಯದಲ್ಲಿ ನಡೆದ ಕಿರಿಯರ ಶೋ ಜಂಪಿಂಗ್ (ಕುದುರೆಯ ಮೇಲೆ ಕೂತು ತಡೆಗಳನ್ನು ಹಾರಿಸುವ) ಸ್ಪರ್ಧೆಯನ್ನು ನೋಡಿ ಬಂದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಬೆಂಗಳೂರಿನವರೇ ಆದ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನ ಇವೆಂಟಿಂಗ್ ಎಂಬ ಮೂರು ಹಂತಗಳ ಸವಾರಿ ಸ್ಪರ್ಧೆಯಲ್ಲಿ ವೈಯಕ್ತಿಕ ಹಾಗೂ ತಂಡ ವಿಭಾಗಗಳೆರಡರಲ್ಲೂ ಬೆಳ್ಳಿ ಗೆದ್ದು, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅದೇ ಸ್ಪರ್ಧೆಯ ಜಂಪಿಂಗ್‌ನ ಅಂತಿಮ ಸುತ್ತಿನವರೆಗೂ ಹೋಗಿ 23ನೇ ಸ್ಥಾನ ಪಡೆದದ್ದನ್ನು ನೋಡಿದ ಮಕ್ಕಳು ಈಗ ಜೀನಿನ ಮೇಲೆ ಕೂತಿದ್ದಾರೆ. ಮೂವತ್ತು ವರ್ಷಗಳಿಂದ ಸವಾರಿ ಕಲಿಸುತ್ತಿರುವ ನನಗೆ ಇದಕ್ಕಿಂತ ಸಂತೋಷದ ವಿಷಯ ಬೇರೆ ಇಲ್ಲ. ಆದರೆ ಅಂದು ಮೈದಾನದಲ್ಲಿ ಕಂಡದ್ದು ಮನಸ್ಸಿಗೆ ಸಂಕಟವನ್ನೂ ತಂದಿತು.

ಹದಿಮೂರರ ಆಸುಪಾಸಿನ ಹುಡುಗನೊಬ್ಬ ಎರಡನೇ ತಡೆಯನ್ನು ದಾಟಿ ಮೂಲೆಗೆ ಬರುವಷ್ಟರಲ್ಲಿ ಕುದುರೆ ಒಳಕ್ಕೆ ವಾಲಿ ವೇಗ ಹಿಡಿಯಿತು. ಅವನು ಲಗಾಮನ್ನು ಜಗ್ಗಿದ, ಅದು ತಲೆ ಮೇಲೆತ್ತಿತು. ಮತ್ತೆ ಜಗ್ಗಿದ, ಅದರ ದಾಪು ಮೊಟಕಾಯಿತು. ತಡೆ ಹತ್ತಿರವಾದಾಗ ಗಾಬರಿಯಿಂದ ಹಿಮ್ಮಡಿಯಲ್ಲಿ ಒದ್ದ. ಕುದುರೆ ತಡೆಯ ಬುಡದಿಂದಲೇ ಹಾರಿ, ಮುಂಗಾಲಿನಿಂದ ಅಡ್ಡಪಟ್ಟಿಯನ್ನು ಬೀಳಿಸಿತು. ಧ್ವನಿವರ್ಧಕದಲ್ಲಿ ನಾಲ್ಕು ಪೆನಾಲ್ಟಿ ಎಂದು ಕೂಗಿದರು. ಬೇಲಿಯ ಪಕ್ಕದಲ್ಲಿ ನಿಂತಿದ್ದ ತಂದೆ, ‘ಈ ಕುದುರೆಗೆ ಹಾರಲು ಬರುವುದಿಲ್ಲ, ಬೇರೆ ಕೊಡಿ’ ಎಂದು ತರಬೇತುದಾರರನ್ನು ಕೇಳುತ್ತಿದ್ದರು. ಆ ಕುದುರೆಗೆ ಹಾರಲು ಚೆನ್ನಾಗಿಯೇ ಬರುತ್ತಿತ್ತು. ಪಟ್ಟಿ ಬಿದ್ದದ್ದು ಮೂರನೇ ತಡೆಯಲ್ಲಾದರೂ ತಪ್ಪು ನಡೆದದ್ದು ಅದಕ್ಕಿಂತ ಏಳೆಂಟು ದಾಪುಗಳ ಹಿಂದೆ, ಆ ಮೂಲೆಯಲ್ಲಿ, ಕ್ಯಾಂಟರ್‌ನ ಲಯ ಕೈತಪ್ಪಿದಾಗ.

ಕ್ಯಾಂಟರ್ ಮೂರು ಬಡಿತಗಳ ಓಟ. ಎಡಕ್ಕೆ ತಿರುಗುವ ಕುದುರೆ ಮೊದಲು ಬಲ ಹಿಂಗಾಲನ್ನು ಊರುತ್ತದೆ. ಆಮೇಲೆ ಎಡ ಹಿಂಗಾಲು ಮತ್ತು ಬಲ ಮುಂಗಾಲು ಒಟ್ಟಿಗೆ ನೆಲ ಮುಟ್ಟುತ್ತವೆ. ಕೊನೆಗೆ ಎಡ ಮುಂಗಾಲು. ಅದರ ಹಿಂದೆಯೇ ನಾಲ್ಕೂ ಗೊರಸುಗಳು ನೆಲ ಬಿಟ್ಟಿರುವ ಒಂದು ಕ್ಷಣ. ಇಷ್ಟೂ ಸೇರಿ ಒಂದು ದಾಪು. ಸಂಗೀತ ಬಲ್ಲವರು ಇದನ್ನು ‘ತಕಿಟ’ ಎಂದು ಹೇಳಿ ಒಂದು ಬಿಡುವು ಕೊಟ್ಟಂತೆ ಎಂದು ಭಾವಿಸಬಹುದು. ಲಗಾಮಿನಿಂದಷ್ಟೇ ಹಿಡಿದು ನಿಧಾನಿಸಿದ ಕುದುರೆಯಲ್ಲಿ, ಒಟ್ಟಿಗೆ ಬೀಳಬೇಕಾದ ಆ ಎರಡು ಕಾಲುಗಳು ಹಿಂದುಮುಂದಾಗಿ ಬಿದ್ದು ಮೂರು ಬಡಿತ ನಾಲ್ಕಾಗುತ್ತದೆ. ನಮ್ಮ ಲಾಯದಲ್ಲಿ ಬಹಳ ವರ್ಷ ಇದ್ದ ಸೈಸ್ (ಕುದುರೆಗಳನ್ನು ನೋಡಿಕೊಳ್ಳುವವರು) ಒಬ್ಬರು ನೀರಿನ ತೊಟ್ಟಿ ತೊಳೆಯುತ್ತಾ, ಮೈದಾನದ ಕಡೆ ತಿರುಗಿಯೂ ನೋಡದೆ, ‘ನಾಲ್ಕು ಬೀಳ್ತಾ ಇದೆ ಸಾರ್’ ಎನ್ನುತ್ತಿದ್ದರು. ಅವರ ಕಿವಿಗೆ ಒಮ್ಮೆಯೂ ತಪ್ಪಾದದ್ದನ್ನು ನಾನು ಕಾಣೆ. ಹಿಂಗಾಲುಗಳು ಮೈಯ ಕೆಳಗೆ ಬಂದು ಭಾರ ಹೊರದೆ ಹೋದರೆ ಹಾರುವುದಕ್ಕೆ ಬೇಕಾದ ಶಕ್ತಿ ಬರುವುದು ಎಲ್ಲಿಂದ?

ಲಯ ಬೇರೆ, ವೇಗ ಬೇರೆ ಎಂಬುದನ್ನು ಮಕ್ಕಳಿಗೆ ಮೊದಲ ದಿನವೇ ಹೇಳಬೇಕು. ಸ್ಪರ್ಧೆಗಳಲ್ಲಿ ನಿಮಿಷಕ್ಕೆ 350 ಮೀಟರ್ ವೇಗವನ್ನು ಗೊತ್ತುಪಡಿಸುವುದು ಸಾಮಾನ್ಯ. ಕ್ಯಾಂಟರ್‌ನ ಒಂದು ದಾಪು ಸುಮಾರು 12 ಅಡಿ, ಅಂದರೆ 3.6 ಮೀಟರ್‌ಗೆ ತುಸು ಹೆಚ್ಚು ಎಂದು ಹಿಡಿದರೆ ನಿಮಿಷಕ್ಕೆ 96 ದಾಪುಗಳ ಸುತ್ತಮುತ್ತ ಆಯಿತು. ಕೋರ್ಸ್ ವಿನ್ಯಾಸ ಮಾಡುವವರು ತಡೆಗಳ ನಡುವಿನ ಅಂತರವನ್ನು ಅಳೆಯುವುದೂ ಇದೇ ಲೆಕ್ಕದಲ್ಲಿ: ಮೊದಲ ತಡೆ ದಾಟಿ ಇಳಿಯಲು 6 ಅಡಿ, ಮುಂದಿನದಕ್ಕೆ ಏಳಲು 6 ಅಡಿ, ನಡುವೆ ನಾಲ್ಕು ದಾಪುಗಳಿಗೆ 48 ಅಡಿ, ಒಟ್ಟು 60. ಪ್ರತಿ ದಾಪು ಸಮನಾಗಿದ್ದರೆ ಈ ಲೆಕ್ಕ ತಾನಾಗಿ ಕೂಡಿಬರುತ್ತದೆ. ಒಂದು 13 ಅಡಿ, ಮುಂದಿನದು 10 ಅಡಿ ಎಂದಾದರೆ ಎಷ್ಟು ಒಳ್ಳೆಯ ಸವಾರನಿಗೂ ಏಳುವ ಜಾಗ ಎಲ್ಲಿ ಸಿಗುತ್ತದೆಂದು ಕಾಣುವುದಿಲ್ಲ.

ನಮ್ಮಲ್ಲಿ ಈ ಮಾತು ಇನ್ನಷ್ಟು ಮುಖ್ಯ, ಏಕೆಂದರೆ ಬೆಂಗಳೂರು ಮತ್ತು ಮೈಸೂರಿನ ಸವಾರಿ ಶಾಲೆಗಳಿಗೆ ಬರುವ ಕುದುರೆಗಳಲ್ಲಿ ರೇಸ್ ಕೋರ್ಸ್‌ನಿಂದ ನಿವೃತ್ತಿಯಾದ ಥರೋಬ್ರೆಡ್‌ಗಳು ಬಹಳ. ರೇಸಿನಲ್ಲಿ ಜಾಕಿ ಲಗಾಮನ್ನು ಬಿಗಿಯಾಗಿ ಹಿಡಿದಾಗ ಕುದುರೆ ಅದಕ್ಕೆ ಒರಗಿಕೊಂಡು ಓಡಲು ಕಲಿತಿರುತ್ತದೆ; ಅದರ ಪಾಲಿಗೆ ಬಿಗಿ ಲಗಾಮು ಎಂದರೆ ‘ನಿಲ್ಲು’ ಅಲ್ಲ, ‘ಹೊರಡು’. ಹೀಗಿರುವಾಗ ಮೂಲೆಯಲ್ಲಿ ಜಗ್ಗಿದ ಹುಡುಗನಿಗೆ ಕುದುರೆ ಕೊಟ್ಟ ಉತ್ತರದಲ್ಲಿ ಅದರ ತಪ್ಪೇನಿದೆ?

ಕೆಲವು ವರ್ಷಗಳ ಹಿಂದೆ ನಮ್ಮಲ್ಲಿಗೆ ಹೀಗೆಯೇ ಬಂದ ಆರು ವರ್ಷದ ಕಂದು ಹೆಣ್ಣು ಕುದುರೆಗೆ ಮೂರು ತಿಂಗಳು ನಾವು ಒಂದು ತಡೆಯನ್ನೂ ತೋರಿಸಲಿಲ್ಲ. ಮೊದಲು ವಾಕ್ (ನಡಿಗೆ) ಮತ್ತು ಟ್ರಾಟ್ (ಕುಕ್ಕುಲೋಟ). ಆಮೇಲೆ ದೊಡ್ಡ ವೃತ್ತದಲ್ಲಿ ಅರ್ಧ ಸುತ್ತಿನಷ್ಟೇ ಕ್ಯಾಂಟರ್, ಅದು ಕೆಡುವ ಮೊದಲೇ ಮರಳಿ ಟ್ರಾಟ್. ಎಡಕ್ಕೆ ಎಷ್ಟೋ ಬಲಕ್ಕೂ ಅಷ್ಟೇ. ಬಳಿಕ ನೆಲದ ಮೇಲೆ ಎರಡು ಪೋಲ್‌ಗಳನ್ನು 60 ಅಡಿ ದೂರದಲ್ಲಿಟ್ಟು, ನಡುವಿನ ದಾಪುಗಳನ್ನು ಸವಾರರಿಂದ ಗಟ್ಟಿಯಾಗಿ ಎಣಿಸಿದೆವು. ಇಂದು ನಾಲ್ಕು, ನಾಳೆಯೂ ನಾಲ್ಕು, ವಾರ ಪೂರ್ತಿ ನಾಲ್ಕೇ. ಅದು ನೆಲೆಯಾದ ಮೇಲೆ, ಬಡಿತವನ್ನು ಬದಲಿಸದೆ ದಾಪನ್ನಷ್ಟೇ ಚಿಕ್ಕದು ಮಾಡಿ ಐದು. ಇಲ್ಲಿ ಕೈಗಿಂತ ಸವಾರನ ಬೆನ್ನು ಮತ್ತು ಕಾಲಿನ ಕೆಲಸವೇ ಹೆಚ್ಚು: ಬೆನ್ನನ್ನು ನೇರ ಮಾಡಿ, ಲಗಾಮನ್ನು ಒಂದು ಕ್ಷಣ ಹಿಡಿದು, ಆ ಕೂಡಲೇ ಬಿಡಬೇಕು, ಕಾಲು ಮಾತ್ರ ಪಕ್ಕೆಯನ್ನು ಬಿಡಬಾರದು. ಹಿಡಿಯುವುದನ್ನು ಎಲ್ಲರೂ ಬೇಗ ಕಲಿಯುತ್ತಾರೆ, ಬಿಡುವುದಕ್ಕೆ ವರ್ಷ ಬೇಕಾಗುತ್ತದೆ. ಕ್ಯಾಂಟರ್‌ನಲ್ಲಿ ಕುದುರೆ ಪ್ರತಿ ದಾಪಿಗೆ ಒಂದು ಉಸಿರು ಬಿಡುತ್ತದೆ. ಮೊದಮೊದಲು ಉಸಿರು ಕಟ್ಟಿದಂತೆ ಓಡುತ್ತಿದ್ದ ಆ ಕುದುರೆ ಒಂದು ಬೆಳಿಗ್ಗೆ ಕಿವಿಗಳನ್ನು ಮುಂದೆ ಮಾಡಿ, ದಾಪಿಗೊಮ್ಮೆ ‘ಫುರ್’ ಎಂದು ಸಮನಾಗಿ ಉಸಿರಾಡುತ್ತಾ ಎರಡೂ ಪೋಲ್ ದಾಟಿದಾಗ ಮೈದಾನದಲ್ಲಿದ್ದ ನಾವೆಲ್ಲ ಸುಮ್ಮನೆ ಕೇಳುತ್ತಾ ನಿಂತೆವು. ಮರುವಾರ ಮೊದಲ ಚಿಕ್ಕ ತಡೆಯನ್ನು ಅದು ಇನ್ನೊಂದು ದಾಪು ಎಂಬಂತೆ ದಾಟಿತು.

ಇನ್ನೊಂದು ಮಾತನ್ನು ಹೇಳಲೇಬೇಕು. ನಿನ್ನೆಯವರೆಗೆ ಸಮನಾಗಿ ಓಡುತ್ತಿದ್ದ ಕುದುರೆ ಇಂದು ಲಯ ತಪ್ಪಿದರೆ ಚಾವಟಿ ಎತ್ತುವ ಮೊದಲು ಜೀನಿನ ಕೆಳಗೆ ಬೆನ್ನನ್ನು ಒತ್ತಿ ನೋಡಿ, ಲಾಳ ಸಡಿಲವಾಗಿದೆಯೇ ನೋಡಿ, ಸಂದೇಹವಿದ್ದರೆ ಪಶುವೈದ್ಯರನ್ನು ಕರೆಸಿ. ನೋವನ್ನು ಹೇಳಲು ಅದಕ್ಕಿರುವ ದಾರಿಗಳು ಕಡಿಮೆ. ಮಳೆ ನಿಂತ ಮೇಲೆ ಗಟ್ಟಿಯಾಗುವ ನಮ್ಮ ಕೆಂಪು ಮಣ್ಣಿನ ಮೈದಾನಗಳಲ್ಲಿ ಮುಂಗಾಲುಗಳಿಗೆ ಆಗುವ ಪೆಟ್ಟು ಸಣ್ಣದಲ್ಲ.

ಜರ್ಮನಿಯವರ ಕುದುರೆ ತರಬೇತಿಯ ಆರು ಮೆಟ್ಟಿಲುಗಳಲ್ಲಿ ಮೊದಲನೆಯದೇ ಲಯ. ನಮ್ಮ ಪೋಷಕರು ಮಾತ್ರ ಶಾಲೆಗೆ ಬಂದು ಮೂರು ತಿಂಗಳಾಗುವಷ್ಟರಲ್ಲಿ ‘ಮಗ ಎಷ್ಟು ಅಡಿ ಹಾರಿಸುತ್ತಾನೆ’ ಎಂದು ಕೇಳುತ್ತಾರೆ, ಶಾಲೆಗಳೂ ಆ ಪ್ರಶ್ನೆಗೆ ಮಣಿದು ಪಟ್ಟಿಯನ್ನು ಏರಿಸುತ್ತವೆ. ಸ್ಪರ್ಧೆಗಳನ್ನು ನಡೆಸುವವರಲ್ಲಿ ನನ್ನದೊಂದು ವಿನಂತಿ: ಕಿರಿಯರ ಅತಿ ಚಿಕ್ಕ ಎತ್ತರದ ವಿಭಾಗಕ್ಕೂ ಮೊದಲು, ನೆಲದ ಪೋಲ್‌ಗಳ ಮೇಲೆಯೇ ಒಂದು ವಿಭಾಗವನ್ನು ಇಡಿ, ಗಡಿಯಾರವನ್ನು ಬದಿಗಿಟ್ಟು, ದಾಪುಗಳ ಸಮತೆಗೆ ಮತ್ತು ಸವಾರನ ಕೈಯ ಮೃದುತ್ವಕ್ಕೆ ಅಂಕ ಕೊಡಿ, ಗೆದ್ದ ಮಗುವಿಗೆ ಎತ್ತರ ಹಾರಿದವರಿಗೆ ಕೊಡುವಷ್ಟೇ ದೊಡ್ಡ ರಿಬ್ಬನ್ ಕಟ್ಟಿ. ಇದಕ್ಕೆ ಬೇಕಾದ ಪೋಲ್‌ಗಳು ಪ್ರತಿ ಮೈದಾನದ ಮೂಲೆಯಲ್ಲೂ ಈಗಾಗಲೇ ಬಿದ್ದಿವೆ. ಬರುವ ಋತುವಿನಲ್ಲಿ ಯಾರಾದರೂ ಇಂಥ ವಿಭಾಗವನ್ನು ಆರಂಭಿಸಿದರೆ, ಎಣಿಸಲು ಕೂರುವ ಕೆಲಸವನ್ನು ನಾನು ಸಂತೋಷದಿಂದ ಮಾಡುತ್ತೇನೆ.

ಇಂತಿ ನಿಮ್ಮ ಓದುಗ,
ಸವಾರಿ ತರಬೇತುದಾರ, ಮೈಸೂರು